ಬಿಡುಗಡೆ ಸುದ್ದಿ ಬಂದಾಗಲೆಲ್ಲ ನಾನು ತೆಗೆದು ನೋಡುವ ಪಟ್ಟಿ

ಮ್ಯಾನ್ಮಾರ್‌ನ ರಾಜಕೀಯ ಕೈದಿಗಳ ಲೆಕ್ಕ ಇಡುವ ಎಎಪಿಪಿ ಅನ್ನೋ ಸಂಸ್ಥೆ ಇದೆ. ಜೈಲಿನಲ್ಲಿದ್ದು ಬಂದವರೇ ಸೇರಿ 2000ದಲ್ಲಿ, ಥಾಯ್ಲೆಂಡ್ ಗಡಿಯ ಮೇ ಸೋಟ್ ಊರಿನಲ್ಲಿ ಇದನ್ನು ಕಟ್ಟಿದರು. ಯಾರನ್ನು ಹಿಡಿದರು, ಯಾರಿಗೆ ಶಿಕ್ಷೆಯಾಯಿತು, ಯಾರು ಹೊರಗೆ ಬಂದರು, ಯಾರು ಸತ್ತರು, ಎಲ್ಲ ಬರೆದಿಡುತ್ತಾರೆ. ದುಡ್ಡು ಕೊಡಬೇಕಿಲ್ಲ. 2021ರಿಂದ ಓದುತ್ತಿದ್ದೇನೆ. ಮೆಟ್ರೊದಲ್ಲಿ ವಿಜಯನಗರ ಬಿಟ್ಟು ಮೆಜೆಸ್ಟಿಕ್ ಬರುವಷ್ಟರಲ್ಲಿ ಒಂದು ದಿನದ ಟಿಪ್ಪಣಿ ಮುಗಿಯುತ್ತದೆ.

ಇದು ಯಾಕೆ ಬೇಕು ಅಂತ ನನಗೆ ಗೊತ್ತಾಗಿದ್ದು ಆ ವರ್ಷದ ಅಕ್ಟೋಬರ್‌ನಲ್ಲಿ. ಟಿವಿಯಲ್ಲಿ ಮ್ಯಾನ್ಮಾರ್‌ನ ಸೇನಾ ಸರ್ಕಾರದಿಂದ 5,600ಕ್ಕೂ ಹೆಚ್ಚು ಜನರ ಬಿಡುಗಡೆ ಅಂತ ಬಂತು. ಖುಷಿಯಾಗಿ ನಾಲ್ಕು ಜನರಿಗೆ ಹೇಳಿಕೊಂಡು ಬಂದೆ. ಆಮೇಲೆ ಈ ಪಟ್ಟಿ ನೋಡಿದರೆ, ಹೊರಗೆ ಬಂದವರಲ್ಲಿ ನೂರಕ್ಕೂ ಹೆಚ್ಚು ಜನರನ್ನು ಮತ್ತೆ ಹಿಡಿದಿದ್ದರು. ಜೈಲಿನ ಬಾಗಿಲಲ್ಲಿ ಕಾದು ನಿಂತ ಮನೆಯವರ ಸ್ಥಿತಿ ಯೋಚಿಸಿ. ಆಗ್ನೇಯ ಏಷ್ಯಾದ ಒಕ್ಕೂಟವಾದ ಆಸಿಯಾನ್‌ನ ದೇಶಗಳು ಸೇನಾ ಮುಖ್ಯಸ್ಥ ಮಿನ್ ಆಂಗ್ ಹ್ಲೈಂಗ್ ಶೃಂಗಸಭೆಗೆ ಬರುವುದು ಬೇಡ ಅಂತ ತೀರ್ಮಾನಿಸಿ ಎರಡು-ಮೂರು ದಿನಕ್ಕೇ ಆ ಘೋಷಣೆ ಬಂದಿತ್ತು ಅನ್ನುವುದನ್ನೂ ಟಿವಿಯವರು ಹೇಳಿರಲಿಲ್ಲ.

ಅಲ್ಲಿಂದ ಮುಂದೆ ಘೋಷಣೆಯ ಸಂಖ್ಯೆ ಒಂದನ್ನೇ ನೋಡಿ ನಂಬುವುದು ಬಿಟ್ಟೆ. ಸೇನೆ 2021ರ ಫೆಬ್ರವರಿ 1ಕ್ಕೆ ಅಧಿಕಾರ ಕಿತ್ತುಕೊಂಡಿತು. ಎರಡು ವಾರ ತುಂಬುವ ಮೊದಲೇ 23,000ಕ್ಕೂ ಹೆಚ್ಚು ಕೈದಿಗಳಿಗೆ ಕ್ಷಮಾದಾನ. ಹೆಚ್ಚಿನವರು ಬೇರೆ ಬೇರೆ ಅಪರಾಧಕ್ಕೆ ಒಳಗಿದ್ದವರು, ಅದೇ ಹೊತ್ತಿಗೆ ರಾತ್ರಿ ಹೊತ್ತು ಮನೆ ಬಾಗಿಲು ಬಡಿದು ಪ್ರತಿಭಟನೆ ಮಾಡಿದವರನ್ನು ಎತ್ತಿಕೊಂಡು ಹೋಗುತ್ತಿದ್ದರು. 2023ರ ಆಗಸ್ಟ್‌ನಲ್ಲಿ, ಸೇನೆ ಕೆಳಗಿಳಿಸಿದ್ದ ನಾಯಕಿ ಆಂಗ್ ಸಾನ್ ಸೂ ಕೀಗೆ ಕ್ಷಮಾದಾನ ಅಂತ ಸುದ್ದಿ. 33 ವರ್ಷದ ಶಿಕ್ಷೆಯಲ್ಲಿ ಕಮ್ಮಿ ಮಾಡಿದ್ದು ಆರು ವರ್ಷ. ಇನ್ನೂ 27 ಬಾಕಿ, ಆಗ ಆಕೆಗೆ 78 ವಯಸ್ಸು. 2024ರ ಜನವರಿಯಲ್ಲಿ 9,652 ಜನರನ್ನು ಬಿಡುತ್ತೇವೆ ಅಂದರು, ಆದರೆ ಎಎಪಿಪಿ ಲೆಕ್ಕದಲ್ಲಿ ಒಳಗಿರುವ ರಾಜಕೀಯ ಕೈದಿಗಳು ಆ ವರ್ಷವೆಲ್ಲ 20,000ದ ಆಸುಪಾಸಿನಲ್ಲೇ ಇದ್ದರು.

ಬಿಡುವ ರೀತಿಯಲ್ಲೂ ಒಂದು ಕೊಕ್ಕೆ ಇದೆ. ಕ್ರಿಮಿನಲ್ ಪ್ರೊಸೀಜರ್ ಕೋಡ್‌ನ 401ನೇ ಸೆಕ್ಷನ್ ಅಡಿ ಷರತ್ತು ಹಾಕಿ ಕಳಿಸುತ್ತಾರೆ. ಮತ್ತೆ ಏನಾದರೂ ಮಾಡಿದ್ದೀಯ ಅಂತ ಹಿಡಿದರೆ ಹೊಸ ಶಿಕ್ಷೆಯ ಜೊತೆಗೆ ಹಳೆಯದರ ಬಾಕಿಯನ್ನೂ ಅನುಭವಿಸಬೇಕು. ಮನೆಗೆ ಬಂದವರು ಬಾಯಿ ಬಿಡಲು ಹೆದರುತ್ತಾರೆ, ಅಲ್ವಾ? ಆ ಕಾನೂನು 1898ರದು, ಬ್ರಿಟಿಷರು ನಮಗೂ ಅವರಿಗೂ ಸೇರಿಸಿ ಮಾಡಿದ್ದು.

ಬೆಂಗಳೂರಿನಲ್ಲಿ ಕೂತು ಇದೆಲ್ಲ ಯಾಕೆ ಅಂತ ಕೇಳುತ್ತಾರೆ. ನಮ್ಮ ದೊಡ್ಡಪ್ಪ ಎಮರ್ಜೆನ್ಸಿಯಲ್ಲಿ ಒಳಗಿದ್ದವರು. ಎಲ್ಲಿ ಇಟ್ಟಿದ್ದಾರೆ ಅಂತ ತಿಳಿಯಲು ದೊಡ್ಡಮ್ಮ ಮೂರು ವಾರ ಅಲೆದಿದ್ದರು. ಅವರ ಕೈಯಲ್ಲಿ ಇಂಥ ಒಂದು ಪಟ್ಟಿ ಇದ್ದಿದ್ದರೆ! ಈಗ ಫ್ರೀಡಂ ಪಾರ್ಕ್ ಆಗಿರುವ ಹಳೇ ಸೆಂಟ್ರಲ್ ಜೈಲಿನಲ್ಲೇ ನಟಿ ಸ್ನೇಹಲತಾ ರೆಡ್ಡಿ ಇದ್ದದ್ದು. ಆಸ್ತಮಾ ಜಾಸ್ತಿಯಾದ ಮೇಲೆ 1977ರ ಜನವರಿ 15ಕ್ಕೆ ಪೆರೋಲ್ ಮೇಲೆ ಬಿಟ್ಟರು, 20ಕ್ಕೆ ತೀರಿಕೊಂಡರು. ಕಾಗದದ ಮೇಲೆ ಅದೂ ಹೊರಗೆ ಬಿಟ್ಟಿದ್ದೇ. ಎಮರ್ಜೆನ್ಸಿ ಮಿಲಿಟರಿ ಆಡಳಿತ ಅಲ್ಲ, ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತಿಲ್ಲ. ಆದರೂ ಆ ಬ್ಯಾರಕ್‌ಗಳ ಪಕ್ಕ ನಡೆಯುವಾಗ ಮ್ಯಾನ್ಮಾರ್‌ನ ಯಾಂಗೂನ್‌ನಲ್ಲಿರುವ ಇನ್ಸೇನ್ ಜೈಲು ನೆನಪಾಗುತ್ತದೆ.

ಒಂದು ವಿಷಯ ಗಮನದಲ್ಲಿರಲಿ. ಖಚಿತಪಡಿಸಿಕೊಳ್ಳಲು ಆದದ್ದನ್ನು ಮಾತ್ರ ಎಎಪಿಪಿಯವರು ಸೇರಿಸುತ್ತಾರೆ, ನಿಜವಾದ ಸಂಖ್ಯೆ ಇನ್ನೂ ಜಾಸ್ತಿ ಇರಬಹುದು ಅಂತ ಅವರೇ ಹೇಳುತ್ತಾರೆ. ನನಗೆ ನಂಬಿಕೆ ಬಂದದ್ದೇ ಅದರಿಂದ. ಕ್ಷಮಾದಾನದ ಸುದ್ದಿ ಬಂದ ದಿನ ಒಳಗಿರುವವರ ಸಂಖ್ಯೆ ಗುರುತು ಹಾಕಿಕೊಳ್ಳಿ, ಎರಡು ವಾರ ಬಿಟ್ಟು ಮತ್ತೆ ನೋಡಿ.

ನನ್ನಿಂದ ಐದಕ್ಕೆ ಐದು. ಇಂಗ್ಲಿಷ್ ಮತ್ತು ಬರ್ಮೀಸ್‌ನಲ್ಲಿದೆ, ಕನ್ನಡದಲ್ಲಿಲ್ಲ. ವಾರಕ್ಕೊಂದು ಟಿಪ್ಪಣಿಯನ್ನಾದರೂ ಕನ್ನಡಕ್ಕೆ ತರಬೇಕು ಅಂತ ಶುರು ಮಾಡಿದ್ದೇನೆ, ಜೊತೆಗೆ ಯಾರಾದರೂ ಬರುವುದಾದರೆ ಹೇಳಿ.