ಗುಂಡನಿಗೆ ಎರಡು ಇನ್ಸುಲಿನ್: ಎನ್‌ಪಿಎಚ್ ಮತ್ತು ಗ್ಲಾರ್ಜಿನ್, ನಾಲ್ಕು ತಿಂಗಳ ಹೋಲಿಕೆ

ನಮ್ಮ ಮನೆಯ ಬೆಕ್ಕು ಗುಂಡನಿಗೆ ಈಗ ಒಂಬತ್ತು ವರ್ಷ. ಸಂತಾನಹರಣ ಶಸ್ತ್ರಚಿಕಿತ್ಸೆ ಆದ ಗಂಡು, ಹೊಸ್ತಿಲು ದಾಟಿದ್ದು ಕಡಿಮೆ, ಕಾಯಿಲೆಗೆ ಮುಂಚೆ ತೂಕ ಏಳು ಕಿಲೋ. ಬೆಕ್ಕಿಗೆ ಸಕ್ಕರೆ ಕಾಯಿಲೆ ಬರಲು ಇವೆಲ್ಲವೂ ಕಾರಣಗಳೆಂಬುದು ನಮಗೆ ತಿಳಿದದ್ದು ತಡವಾಗಿ. ಕಳೆದ ಮಳೆಗಾಲದಲ್ಲಿ ಅವನ ನೀರಿನ ಬಟ್ಟಲನ್ನು ದಿನಕ್ಕೆ ಮೂರು ಸಲ ತುಂಬಿಸಬೇಕಾಗಿ ಬಂತು. ಅವನು ಮೂತ್ರ ಮಾಡುವ ಮರಳಿನ ತಟ್ಟೆಯ ಸುತ್ತ ಇರುವೆಗಳು ಸಾಲುಗಟ್ಟಿದ್ದನ್ನು ಮೊದಲು ಗಮನಿಸಿದವರು ನಮ್ಮ ಅತ್ತೆಯವರು. ಹೊಟ್ಟೆ ತುಂಬ ತಿನ್ನುತ್ತಿದ್ದರೂ ತೂಕ 5.6 ಕಿಲೋಗೆ ಇಳಿದು, ಹಿಂಗಾಲುಗಳ ಹಿಮ್ಮಡಿಯನ್ನು ನೆಲಕ್ಕೂರಿ ನಡೆಯತೊಡಗಿದಾಗ ಪಶುವೈದ್ಯರ ಬಳಿಗೆ ಕರೆದೊಯ್ದೆವು. ರಕ್ತದ ಸಕ್ಕರೆ 438 ಇತ್ತು. ಆಸ್ಪತ್ರೆಗೆ ಬಂದ ಹೆದರಿಕೆಯೊಂದರಿಂದಲೇ ಬೆಕ್ಕಿನ ಸಕ್ಕರೆ ಏರಬಲ್ಲದಾದ್ದರಿಂದ ವೈದ್ಯರು ಆ ಒಂದು ಅಂಕಿಯನ್ನು ನೆಚ್ಚದೆ, ಹಿಂದಿನ ಎರಡು ಮೂರು ವಾರಗಳ ಸ್ಥಿತಿಯನ್ನು ತೋರಿಸುವ ಫ್ರಕ್ಟೋಸಮೀನ್ ಪರೀಕ್ಷೆಯನ್ನೂ ಮಾಡಿಸಿದರು. ಅದೂ ಹೆಚ್ಚಾಗಿತ್ತು. ಇನ್ಸುಲಿನ್ ಸಾಲದೆ ಮೈ ಕೊಬ್ಬನ್ನು ಕರಗಿಸತೊಡಗಿದಾಗ ಹುಟ್ಟುವ ಕೀಟೋನ್ ಮೂತ್ರದಲ್ಲಿ ಇರಲಿಲ್ಲವೆಂಬುದೊಂದೇ ಆ ದಿನದ ಸಮಾಧಾನ.

ನಮ್ಮ ಊರಿನ ಔಷಧಿ ಅಂಗಡಿಗಳಲ್ಲಿ ಸುಲಭವಾಗಿ ಸಿಗುವುದು ಮನುಷ್ಯರಿಗೆಂದು ತಯಾರಾದ ಇನ್ಸುಲಿನ್. ಅದರಲ್ಲಿ ನಮ್ಮ ಮುಂದಿದ್ದ ಆಯ್ಕೆಗಳು ಎರಡು: ಹಾಲಿನಂತೆ ಬೆಳ್ಳಗಿರುವ, ಅಗ್ಗದ ಎನ್‌ಪಿಎಚ್ ಮತ್ತು ನೀರಿನಂತೆ ತಿಳಿಯಾದ, ದುಬಾರಿ ಗ್ಲಾರ್ಜಿನ್. ವೈದ್ಯರ ಸಲಹೆಯಂತೆ ಮೊದಲ ಆರು ವಾರ ಎನ್‌ಪಿಎಚ್, ಅನಂತರದ ಹತ್ತು ವಾರ ಗ್ಲಾರ್ಜಿನ್ ಕೊಟ್ಟೆವು. ಎರಡನ್ನೂ ಬೆಳಿಗ್ಗೆ ಏಳಕ್ಕೆ, ರಾತ್ರಿ ಏಳಕ್ಕೆ, ಊಟದ ನಂತರವೇ ಚುಚ್ಚಿದೆವು. ಒಂದೇ ಬೆಕ್ಕಿನ ಅನುಭವ ಎಲ್ಲ ಬೆಕ್ಕುಗಳಿಗೂ ಅನ್ವಯಿಸಬೇಕೆಂದಿಲ್ಲ. ಆದರೆ ಚೀಟಿ ಹಿಡಿದು ಅಂಗಡಿಯ ಮುಂದೆ ನಿಂತ ದಿನ ಇಷ್ಟನ್ನಾದರೂ ಯಾರಾದರೂ ಹೇಳಿದ್ದರೆ ನನಗೆ ಬಹಳ ಉಪಕಾರವಾಗುತ್ತಿತ್ತು.

ಎನ್‌ಪಿಎಚ್‌ನಿಂದ ಆರಂಭಿಸುತ್ತೇನೆ. ಒಂದು ಯೂನಿಟ್ ಕೊಡಲು ಶುರುಮಾಡಿ ಎರಡನೆಯ ವಾರದ ಭಾನುವಾರ, ಎರಡು ಗಂಟೆಗೊಮ್ಮೆ ಗುಂಡನ ಕಿವಿಯ ಅಂಚನ್ನು ಚುಚ್ಚಿ ಸಕ್ಕರೆ ನೋಡಿದೆವು. ಏಳು ಗಂಟೆಗೆ 412, ಒಂಬತ್ತಕ್ಕೆ 268, ಹನ್ನೊಂದಕ್ಕೆ 104, ಒಂದು ಗಂಟೆಗೆ 187, ಮೂರಕ್ಕೆ 331, ಐದಕ್ಕೆ 398, ಮತ್ತೆ ಏಳಕ್ಕೆ 426. ಮನುಷ್ಯರಲ್ಲಿ ದಿನದ ಬಹುಭಾಗ ಕೆಲಸ ಮಾಡುವ ಈ ಔಷಧಿ ಬೆಕ್ಕಿನಲ್ಲಿ ಬೇಗ ಕರಗಿಹೋಗುತ್ತದೆಂದು ವೈದ್ಯರು ಮೊದಲೇ ಹೇಳಿದ್ದರು. ಆದರೆ ಮಧ್ಯಾಹ್ನ ಮೂರು ಗಂಟೆಯಿಂದ ರಾತ್ರಿಯ ಚುಚ್ಚುಮದ್ದಿನವರೆಗೆ ನನ್ನ ಬೆಕ್ಕಿಗೆ ಔಷಧಿಯೇ ಇಲ್ಲದಂತಿತ್ತೆಂಬುದು ಆ ಅಂಕಿಗಳನ್ನು ಒಂದರ ಕೆಳಗೊಂದು ಬರೆದಾಗಲೇ ಮನಸ್ಸಿಗೆ ಇಳಿದದ್ದು. ಸಕ್ಕರೆ ಸುಮಾರು 270ನ್ನು ದಾಟಿದರೆ ಬೆಕ್ಕಿನ ಮೂತ್ರಪಿಂಡ ಅದನ್ನು ತಡೆಹಿಡಿಯಲಾರದೆ ಮೂತ್ರಕ್ಕೆ ಬಿಟ್ಟುಬಿಡುತ್ತದೆ. ದಿನದ ಅರ್ಧಭಾಗ ಆ ಗಡಿಯ ಮೇಲೆಯೇ ಇದ್ದ ಗುಂಡ ನೀರಿನ ಬಟ್ಟಲನ್ನು ಬಿಡದಿದ್ದುದರಲ್ಲಿ ಆಶ್ಚರ್ಯವೇನೂ ಇರಲಿಲ್ಲ.

ಸಂಜೆಯ ಅಂಕಿಯನ್ನು ಇಳಿಸಬೇಕೆಂಬ ಆಸೆಯಿಂದ ವೈದ್ಯರನ್ನು ಕೇಳಿ ಒಂದೂವರೆ ಯೂನಿಟ್‌ಗೆ ಏರಿಸಿದೆವು. ಸಂಜೆ ಏಳರ ಅಂಕಿ 409, ಇಳಿದದ್ದು ಹೆಸರಿಗಷ್ಟೇ. ಆದರೆ ಬೆಳಿಗ್ಗೆ ಹನ್ನೊಂದಕ್ಕೆ ಮೀಟರಿನಲ್ಲಿ 58 ಬಂತು. ಗುಂಡ ಮಂಕಾಗಿ ಮಂಚದ ಕೆಳಗೆ ಕುಳಿತಿದ್ದ, ಕರೆದರೆ ತಿರುಗಿ ನೋಡಲಿಲ್ಲ. ಕೂಡಲೇ ತಿನ್ನಿಸಿದೆವು, ಒಸಡಿಗೆ ಜೇನುತುಪ್ಪ ಸವರಿದೆವು, ಹದಿನೈದು ನಿಮಿಷಕ್ಕೊಮ್ಮೆ ರಕ್ತ ನೋಡುತ್ತ ಕುಳಿತೆವು. ಮುಕ್ಕಾಲು ಗಂಟೆಯಲ್ಲಿ ಅವನು ಚೇತರಿಸಿಕೊಂಡ, ನನ್ನ ಕೈ ನಡುಕ ಮಾತ್ರ ಮಧ್ಯಾಹ್ನದವರೆಗೂ ನಿಲ್ಲಲಿಲ್ಲ. ಪ್ರಮಾಣ ಹೆಚ್ಚಿಸಿದರೆ ಈ ಔಷಧಿಯ ಹಳ್ಳ ಆಳವಾಗುತ್ತದೆಯೇ ಹೊರತು ಅಗಲವಾಗುವುದಿಲ್ಲವೆಂಬುದು ಅಂದು ಸ್ಪಷ್ಟವಾಯಿತು. ನಮ್ಮ ಕೊರತೆ ಇದ್ದದ್ದು ಔಷಧಿಯ ಅಳತೆಯಲ್ಲಲ್ಲ, ಅದು ಉಳಿಯುವ ಹೊತ್ತಿನಲ್ಲಿ. ಹೊತ್ತಿನ ಕೊರತೆಯನ್ನು ಅಳತೆಯಿಂದ ತುಂಬಲು ಹೋದದ್ದೇ ತಪ್ಪಾಗಿತ್ತು.

ಗ್ಲಾರ್ಜಿನ್ ಕೆಲಸ ಮಾಡುವ ಬಗೆಯೇ ಬೇರೆ. ಸೀಸೆಯಲ್ಲಿ ಅದು ಆಮ್ಲೀಯವಾಗಿರುವುದರಿಂದ ತಿಳಿಯಾಗಿರುತ್ತದೆ. ಚರ್ಮದ ಕೆಳಗೆ ಹೋದೊಡನೆ ಅಲ್ಲಿನ ವಾತಾವರಣ ಆಮ್ಲೀಯವಲ್ಲದ ಕಾರಣ ಸಣ್ಣ ಕಣಗಳಾಗಿ ಗಟ್ಟಿಗೊಂಡು, ಸ್ವಲ್ಪಸ್ವಲ್ಪವೇ ಕರಗುತ್ತ ರಕ್ತಕ್ಕೆ ಸೇರುತ್ತದೆ. ಆದ್ದರಿಂದಲೇ ಇದನ್ನು ನೀರು ಬೆರೆಸಿ ತೆಳುವಾಗಿಸುವಂತಿಲ್ಲ, ಬೇರೆ ಇನ್ಸುಲಿನ್ ಜೊತೆ ಸೇರಿಸುವಂತಿಲ್ಲ. ಎನ್‌ಪಿಎಚ್ ಸೀಸೆಯನ್ನಾದರೋ ಪ್ರತಿ ಸಲವೂ ಅಂಗೈಗಳ ನಡುವೆ ಮೆಲ್ಲಗೆ ಉರುಳಿಸಿ, ತಳದಲ್ಲಿ ಕೂತದ್ದನ್ನು ಸಮನಾಗಿ ಬೆರೆಸಿಕೊಳ್ಳಲೇಬೇಕು.

ಆದರೆ ಮೊದಲ ವಾರ ಗ್ಲಾರ್ಜಿನ್ ನಮಗೆ ನಿರಾಶೆಯನ್ನೇ ಕೊಟ್ಟಿತು. ಐದನೆಯ ಬೆಳಿಗ್ಗೆಯೂ 361. ಅಷ್ಟು ಹಣ ಕೊಟ್ಟು ತಂದದ್ದು ವ್ಯರ್ಥವಾಯಿತೇ ಎಂದು ಯಜಮಾನರು ಕೇಳಿದಾಗ ನನ್ನ ಬಳಿ ಉತ್ತರವಿರಲಿಲ್ಲ. ಇದರ ಪರಿಣಾಮ ದಿನದಿಂದ ದಿನಕ್ಕೆ ಕೂಡುತ್ತ ಹೋಗುವುದರಿಂದ ಒಂದು ವಾರದವರೆಗೆ ಪ್ರಮಾಣವನ್ನು ಮುಟ್ಟಲೇಬಾರದೆಂದು ವೈದ್ಯರು ಕಟ್ಟುನಿಟ್ಟಾಗಿ ಹೇಳಿದ್ದರಿಂದ ಸುಮ್ಮನಿದ್ದೆವು. ಮೂರನೆಯ ವಾರ, ಒಂದೂವರೆ ಯೂನಿಟ್‌ನಲ್ಲಿ, ಅದೇ ಏಳು ಹೊತ್ತುಗಳ ಅಂಕಿಗಳು ಹೀಗಿದ್ದವು: 274, 241, 196, 158, 149, 182, 238. ಹಳ್ಳವಿಲ್ಲ, ಗುಡ್ಡವೂ ಇಲ್ಲ. ನಾಲ್ಕನೆಯ ವಾರಕ್ಕೆ ನೀರಿನ ಬಟ್ಟಲು ಮೊದಲಿನಂತೆ ದಿನಕ್ಕೊಮ್ಮೆ ತುಂಬಿದರೆ ಸಾಕಾಯಿತು.

ಇಲ್ಲೊಂದು ಮಾತನ್ನು ಮುಚ್ಚಿಡುವಂತಿಲ್ಲ. ಇನ್ಸುಲಿನ್ ಬದಲಿಸುವ ಎರಡು ವಾರ ಮುಂಚೆ ಗುಂಡನ ಆಹಾರವನ್ನೂ ಬದಲಿಸಿದ್ದೆವು. ಮೊಸರನ್ನ ಮತ್ತು ಒಣ ಕಾಳಿನ ತಿಂಡಿಯನ್ನು ನಿಲ್ಲಿಸಿ, ಪಿಷ್ಟ ಕಡಿಮೆ ಇರುವ, ಬೆಕ್ಕಿಗೆ ಬೇಕಾದ ಟಾರಿನ್ ಇತ್ಯಾದಿಗಳೆಲ್ಲ ಸೇರಿರುವ ಒದ್ದೆ ಆಹಾರವನ್ನು ಕೊಡತೊಡಗಿದೆವು. ಆ ಬದಲಾವಣೆಯ ನಂತರ ಎನ್‌ಪಿಎಚ್ ಇದ್ದಾಗಲೇ ಇನ್ನೊಮ್ಮೆ ಇಡೀ ದಿನ ಅಳೆದಿದ್ದರಿಂದ ಎರಡನ್ನೂ ಬೇರ್ಪಡಿಸಿ ನೋಡಲು ಸಾಧ್ಯವಾಯಿತು: ಬೆಳಗಿನ 412 ಇದ್ದದ್ದು 352 ಆಗಿತ್ತು, ಆದರೆ ಹನ್ನೊಂದರ ಹಳ್ಳ ಮತ್ತು ಸಂಜೆಯ ಏರು ಇದ್ದಂತೆಯೇ ಇದ್ದವು. ಎತ್ತರವನ್ನು ತಗ್ಗಿಸಿದ್ದು ಆಹಾರ, ಆಕಾರವನ್ನು ಬದಲಿಸಿದ್ದು ಗ್ಲಾರ್ಜಿನ್. ನಮ್ಮದು ಸಸ್ಯಾಹಾರಿ ಮನೆ. ಮಾಂಸದ ಡಬ್ಬಿಗಳಿಗೆ ಹಿತ್ತಿಲ ಬದಿಯ ಕಪಾಟನ್ನು ಬಿಡಿಸಿಕೊಟ್ಟು, "ಅದರ ಜೀವಕ್ಕೆ ಬೇಕಾದದ್ದನ್ನು ಕೊಡಮ್ಮ" ಎಂದ ಅತ್ತೆಯವರಿಗೆ ನಾನು ಋಣಿಯಾಗಿದ್ದೇನೆ.

ಎನ್‌ಪಿಎಚ್ ನಿಜವಾಗಿ ಮೇಲುಗೈ ಸಾಧಿಸುವ ಸಂಗತಿಯೊಂದಿದೆ; ಅದು ಅಳೆಯುವ ಸುಲಭ. ನಮ್ಮಲ್ಲಿ ಎನ್‌ಪಿಎಚ್ ಸೀಸೆಗಳು ಸಾಮಾನ್ಯವಾಗಿ ಒಂದು ಮಿಲಿಲೀಟರಿಗೆ 40 ಯೂನಿಟ್ ಬಲದವು, ಗ್ಲಾರ್ಜಿನ್ 100 ಯೂನಿಟ್ ಬಲದ್ದು. ಅಂದರೆ ಒಂದು ಯೂನಿಟ್ ಎನ್‌ಪಿಎಚ್ 0.025 ಮಿಲಿಲೀಟರ್, ಒಂದು ಯೂನಿಟ್ ಗ್ಲಾರ್ಜಿನ್ ಬರೀ 0.01 ಮಿಲಿಲೀಟರ್. ಅರ್ಧ ಯೂನಿಟ್ ಗೆರೆಗಳಿರುವ 0.3 ಮಿಲಿಲೀಟರಿನ ಸಿರಿಂಜು ಸಿಗುವವರೆಗೆ ಒಂದೂವರೆಯನ್ನು ಕಣ್ಣಳತೆಯಲ್ಲೇ ಎಳೆಯಬೇಕಾಯಿತು, ಸಣ್ಣದೊಂದು ಗಾಳಿಗುಳ್ಳೆಯೂ ಲೆಕ್ಕ ತಪ್ಪಿಸುತ್ತಿತ್ತು. ಇದಕ್ಕಿಂತ ದೊಡ್ಡ ಅಪಾಯ ಸಿರಿಂಜು ಅದಲುಬದಲಾಗುವುದು. ಗ್ಲಾರ್ಜಿನ್ ತಂದ ಮೊದಲ ದಿನ ಅಂಗಡಿಯವರು ಹಿಂದಿನಂತೆಯೇ ಕೆಂಪು ಮುಚ್ಚಳದ, 40ರ ಸಿರಿಂಜುಗಳನ್ನು ಕಟ್ಟಿಕೊಟ್ಟಿದ್ದರು. ಅದರಲ್ಲಿ ಒಂದರ ಗೆರೆಯವರೆಗೆ ಗ್ಲಾರ್ಜಿನ್ ಎಳೆದಿದ್ದರೆ ಗುಂಡನ ಮೈಗೆ ಎರಡೂವರೆ ಯೂನಿಟ್ ಹೋಗುತ್ತಿತ್ತು. ಸೀಸೆಯ ಮೇಲಿನ ಅಂಕಿಯನ್ನೂ ಸಿರಿಂಜಿನ ಮೇಲಿನ ಅಂಕಿಯನ್ನೂ ಗಟ್ಟಿಯಾಗಿ ಓದಿ ತಾಳೆ ನೋಡುವ ಅಭ್ಯಾಸ ಇದ್ದದ್ದರಿಂದ ಉಳಿದುಕೊಂಡೆವು. 100ರ ಸಿರಿಂಜಿನ ಮುಚ್ಚಳ ಕಿತ್ತಳೆ ಬಣ್ಣದ್ದು. ಆದರೂ ಬಣ್ಣವನ್ನು ನಂಬದೆ ಅಂಕಿಯನ್ನೇ ಓದಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ. ಸಿರಿಂಜಿನ ಬದಲು ಇನ್ಸುಲಿನ್ ಚುಚ್ಚುವ ಪೆನ್ನನ್ನೂ ಒಮ್ಮೆ ಪ್ರಯತ್ನಿಸಿದೆವು. ನಮಗೆ ಸಿಕ್ಕ ಪೆನ್ನಿನಲ್ಲಿ ಪೂರ್ಣ ಯೂನಿಟ್‌ಗಳಷ್ಟೇ ತಿರುಗುತ್ತಿದ್ದುದರಿಂದ ಮತ್ತು ಸೂಜಿಯನ್ನು ಹತ್ತು ಸೆಕೆಂಡು ಒಳಗೇ ಹಿಡಿದಿಡಲು ಗುಂಡ ಬಿಡದಿದ್ದುದರಿಂದ ಅದನ್ನು ಕೈಬಿಟ್ಟೆವು.

ಬೆಲೆಯ ಲೆಕ್ಕದಲ್ಲಿ ನಾನು ಮೊದಲು ಎಡವಿದ್ದೆ. ಹತ್ತು ಮಿಲಿಲೀಟರಿನ ಎನ್‌ಪಿಎಚ್ ಸೀಸೆ ಇನ್ನೂರು ರೂಪಾಯಿಯೊಳಗೆ ಬಂತು. ಮೂರು ಮಿಲಿಲೀಟರಿನ ಗ್ಲಾರ್ಜಿನ್ ಕಾರ್ಟ್ರಿಜ್‌ಗೆ (ಪೆನ್ನಿಗೆ ಹಾಕುವ ಸಣ್ಣ ಸೀಸೆ) ಅದರ ಮೂರು ಪಟ್ಟಿಗೂ ಹೆಚ್ಚು. ಕಾರ್ಟ್ರಿಜ್‌ನಲ್ಲಿ 300 ಯೂನಿಟ್ ಇದೆ, ದಿನಕ್ಕೆ ಮೂರು ಯೂನಿಟ್ ಎಂದರೆ ನೂರು ದಿನ ಬರುತ್ತದೆಂದು ಸಂತೋಷಪಟ್ಟೆ. ಆದರೆ ತೆರೆದ ಮೇಲೆ 28 ದಿನಗಳೊಳಗೆ ಬಳಸಬೇಕೆಂದು ಡಬ್ಬಿಯ ಮೇಲೇ ಬರೆದಿದೆ. ಅಷ್ಟರಲ್ಲಿ ಗುಂಡನಿಗೆ ಬೇಕಾದದ್ದು 84 ಯೂನಿಟ್ ಮಾತ್ರ, ಉಳಿದದ್ದನ್ನು ಚೆಲ್ಲಬೇಕು. ಬೆಕ್ಕಿನ ಮಟ್ಟಿಗೆ ಇನ್ಸುಲಿನ್ ಬೆಲೆಯನ್ನು ಯೂನಿಟ್ ಲೆಕ್ಕದಲ್ಲಲ್ಲ, ತಿಂಗಳ ಲೆಕ್ಕದಲ್ಲಿ ನೋಡಬೇಕು. ಬೆಂಗಳೂರಿನ ಬಯೋಕಾನ್ ಸೇರಿದಂತೆ ಒಂದಕ್ಕಿಂತ ಹೆಚ್ಚು ಕಂಪನಿಗಳು ಗ್ಲಾರ್ಜಿನ್ ತಯಾರಿಸುವುದರಿಂದ ನಾಲ್ಕು ಅಂಗಡಿ ವಿಚಾರಿಸಿದರೆ ಪ್ರಯೋಜನವಿದೆ. ಆದರೆ ಒಂದು ಹೆಸರಿನ ಔಷಧಿಯಿಂದ ಇನ್ನೊಂದಕ್ಕೆ ಹೋಗುವಾಗ ವೈದ್ಯರಿಗೆ ತಿಳಿಸಿಯೇ ಹೋಗಬೇಕು.

ಅಳೆಯುವ ಸಾಧನಗಳಲ್ಲೂ ಎರಡನ್ನು ಬಳಸಿದೆವು. ಮನುಷ್ಯರ ಗ್ಲೂಕೋಮೀಟರ್ ಬೆಕ್ಕಿನ ರಕ್ತದಲ್ಲಿ ಸಾಮಾನ್ಯವಾಗಿ ನಿಜಕ್ಕಿಂತ ಕಡಿಮೆ ತೋರಿಸುತ್ತದೆ. ಒಂದೇ ಹೊತ್ತಿನಲ್ಲಿ ತೆಗೆದ ರಕ್ತಕ್ಕೆ ನಮ್ಮ ಮೀಟರ್ 142 ಎಂದರೆ ಪ್ರಯೋಗಾಲಯ 181 ಎಂದಿತು. ಹಾಗಿದ್ದರೂ ಪ್ರತಿ ಸಲ ಅದೇ ಮೀಟರ್ ಬಳಸಿದರೆ ಏರಿಳಿತದ ಆಕಾರ ಸಿಗುತ್ತದೆ, ಸಕ್ಕರೆ ಕುಸಿದಾಗ ಎಚ್ಚರಿಕೆ ತುಸು ಮುಂಚೆಯೇ ದೊರೆಯುತ್ತದೆ. ಇನ್ನೊಂದು, ಚರ್ಮಕ್ಕೆ ಅಂಟಿಸುವ ಫ್ರೀಸ್ಟೈಲ್ ಲಿಬ್ರೆ ಸೆನ್ಸರ್. ಹದಿನಾಲ್ಕು ದಿನ ಬರಬೇಕಾದದ್ದು, ಭುಜದ ಹಿಂದೆ ಕೂದಲು ಬೋಳಿಸಿ ಅಂಟಿಸಿದರೂ, ಒಂಬತ್ತನೆಯ ದಿನ ಕಿತ್ತುಬಂತು. ಅದು ಅಳೆಯುವುದು ರಕ್ತವನ್ನಲ್ಲ, ಚರ್ಮದಡಿಯ ದ್ರವವನ್ನು. ಆದ್ದರಿಂದ ಸಕ್ಕರೆ ವೇಗವಾಗಿ ಇಳಿಯುವಾಗ ಅದರ ಅಂಕಿ ಸ್ವಲ್ಪ ಹಿಂದುಳಿಯುತ್ತದೆ. ಆದರೂ ಬೆಳಗಿನ ಜಾವ ಮೂರು ಗಂಟೆಗೆ ಗುಂಡನ ಸಕ್ಕರೆ ಹಗಲಿಗಿಂತ ಕೆಳಗಿರುತ್ತದೆಂದು ತೋರಿಸಿಕೊಟ್ಟದ್ದು ಅದೊಂದೇ. ಆ ಹೊತ್ತಿಗೆ ನಾವು ಯಾರೂ ಎದ್ದು ಕಿವಿ ಚುಚ್ಚಿರಲಿಲ್ಲ. ದಿನನಿತ್ಯಕ್ಕೆ ಮೀಟರ್, ಔಷಧಿ ಅಥವಾ ಪ್ರಮಾಣ ಬದಲಿಸಿದಾಗ ಒಂದು ಸೆನ್ಸರ್: ನಮ್ಮ ಕೈಗೆಟುಕಿದ್ದು ಇಷ್ಟು, ಗುಂಡನಿಗೆ ಅದು ಸಾಕಾಯಿತು.

ಚುಚ್ಚುವ ಬದಲು ಬಾಯಿಯ ಮೂಲಕ ಕೊಡುವ ಔಷಧಿಗಳ ಬಗ್ಗೆಯೂ ವಿಚಾರಿಸಿದೆ. ಅಮೆರಿಕದಲ್ಲಿ ಬೆಕ್ಕುಗಳಿಗೆಂದೇ ಬೆಕ್ಸಾಗ್ಲಿಫ್ಲೋಜಿನ್ ಮಾತ್ರೆಗೆ 2022ರಲ್ಲಿ, ವೆಲಾಗ್ಲಿಫ್ಲೋಜಿನ್ ದ್ರಾವಣಕ್ಕೆ 2023ರಲ್ಲಿ ಅನುಮತಿ ದೊರೆತಿದೆ. ಆದರೆ ಆಗಲೇ ಇನ್ಸುಲಿನ್ ಪಡೆಯುತ್ತಿರುವ ಬೆಕ್ಕುಗಳಲ್ಲಿ ಇಂಥ ಔಷಧಿಗಳಿಂದ, ರಕ್ತದ ಸಕ್ಕರೆ ಹೆಚ್ಚಾಗಿ ಕಾಣದೆಯೇ, ಪ್ರಾಣಕ್ಕೆ ಕುತ್ತು ತರುವ ಕೀಟೋನ್ ಏರಿಕೆ ಆಗಬಹುದೆಂಬ ಎಚ್ಚರಿಕೆಯಿದೆ. ಗುಂಡನ ವಿಷಯದಲ್ಲಿ ಆ ದಾರಿ ಅಲ್ಲಿಗೇ ಮುಚ್ಚಿತು.

ಈಗ ಅವನ ಪ್ರಮಾಣ ಒಂದು ಯೂನಿಟ್‌ಗೆ ಇಳಿದಿದೆ, ತೂಕ 6.1 ಕಿಲೋಗೆ ಬಂದು ನಿಂತಿದೆ. ಕಾಯಿಲೆ ಗೊತ್ತಾದ ಮೊದಲ ತಿಂಗಳುಗಳಲ್ಲೇ ಸಕ್ಕರೆ ಹಿಡಿತಕ್ಕೆ ಬಂದರೆ ಕೆಲವು ಬೆಕ್ಕುಗಳಿಗೆ ಇನ್ಸುಲಿನ್ ಬೇಡವಾಗುವುದೂ ಉಂಟೆಂದು ವೈದ್ಯರು ಹೇಳಿದ್ದಾರೆ. ಮುಂದಿನ ತಿಂಗಳು ಅರ್ಧ ಯೂನಿಟ್‌ಗೆ ಇಳಿಸಿ ನೋಡುವುದೆಂದು ನಿಶ್ಚಯವಾಗಿದೆ, ಅದಕ್ಕಾಗಿ ಒಂದು ಹೊಸ ಸೆನ್ಸರನ್ನು ತಂದಿಟ್ಟಿದ್ದೇವೆ. ನಿನ್ನೆ ಸಂಜೆ ಗುಂಡ ಹಿಮ್ಮಡಿಯನ್ನು ನೆಲಕ್ಕೆ ತಾಗಿಸದೆ ನಡೆದುಬಂದು, ಎಷ್ಟೋ ತಿಂಗಳ ನಂತರ ಮೊದಲ ಸಲ ಕಿಟಕಿಯ ಕಟ್ಟೆಗೆ ತಾನೇ ಹಾರಿ ಕುಳಿತ.