ಬೇಸಿಗೆ ಶಿಬಿರ: ಪೊಲೀಸ್ ಪರಿಶೀಲನೆಯೋ, ಕ್ಯಾಮೆರಾವೋ, ಇಬ್ಬರು ದೊಡ್ಡವರೋ?

ಉಡುಪಿಯಲ್ಲಿ ಮಕ್ಕಳ ಯಕ್ಷಗಾನ ಶಿಬಿರ ನಡೆಸುವ ಗೆಳತಿಯ ಪ್ರಶ್ನೆ: ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡಬೇಕು, ದುಡ್ಡು ಕಡಿಮೆ, ಈ ಮೂರರಲ್ಲಿ ಮೊದಲು ಯಾವುದು?

ಕಲಿಸುವವರ ಪೊಲೀಸ್ ಪರಿಶೀಲನೆ ಅಗ್ಗ, ರಾಜ್ಯ ಸರ್ಕಾರದ ಸೇವಾ ಸಿಂಧು ಜಾಲತಾಣದಲ್ಲೇ ಅರ್ಜಿ ಹಾಕಬಹುದು. ಆದರೆ ಅದು ತೋರಿಸುವುದು ಹಿಂದೆ ಸಿಕ್ಕಿಬಿದ್ದವರನ್ನಷ್ಟೇ. ಕಲಿಸಲು ಹೊಸಬರು ಬರುವುದಾದರೆ ಮಾತ್ರ ಬಿಡಲೇಬೇಡಿ.

ಕ್ಯಾಮೆರಾ ಗೇಟಿಗೆ, ಅಂಗಳಕ್ಕೆ ಸರಿ. ಮಕ್ಕಳು ಬಟ್ಟೆ ಬದಲಿಸುವ ಚೌಕಿಯಲ್ಲಿ ಇಡುವಂತೆಯೇ ಇಲ್ಲ, ನನಗೆ ಹೆದರಿಕೆ ಇರುವುದೂ ಅಲ್ಲೇ. ದಗಲೆ (ವೇಷದ ಅಂಗಿ) ತೊಡಿಸಿ ಗೆಜ್ಜೆ ಕಟ್ಟುವಾಗ ಮೈ ಮುಟ್ಟದೆ ಆಗುವುದಿಲ್ಲವಲ್ಲ! ಅಲ್ಲಿಗೆ ಇಬ್ಬರು ದೊಡ್ಡವರು, ತೆರೆದ ಬಾಗಿಲು. ಇದಕ್ಕೆ ದುಡ್ಡು ಬೇಡ, ಜನ ಬೇಕು. ಮಳೆ ಬರುವ ಸಂಜೆ ಒಬ್ಬರು ಬೇಗ ಹೊರಟರೆ ನಿಯಮ ಮುಗಿಯಿತು.

ಯಾವುದನ್ನು ಆರಿಸಿದರೂ ಹೊಣೆ ತಪ್ಪದು: ಕೈಕೆಳಗಿನವರ ಇಂಥ ಕೃತ್ಯವನ್ನು ವರದಿ ಮಾಡದ ಸಂಸ್ಥೆಯ ಮುಖ್ಯಸ್ಥರಿಗೆ, ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೊ ಕಾಯ್ದೆಯಡಿ 1 ವರ್ಷದವರೆಗೆ ಜೈಲು. ಮಕ್ಕಳ ಸಹಾಯವಾಣಿ 1098 ಚೌಕಿಯ ಗೋಡೆಯ ಮೇಲಿರಲಿ.