ಕೆಂಪು–ನೀಲಿ ಕಾರ್ಯಾಗಾರ: ಹೋಗುವ ಮುಂಚೆ ತಿಳಿದಿರಬೇಕಾದದ್ದು

ಎರಡು ಪಕ್ಷಗಳ ಬೆಂಬಲಿಗರನ್ನು ಎದುರುಬದುರು ಕೂರಿಸಿ ಮಾತಾಡಿಸಲು ಅಮೆರಿಕದ ಬ್ರೇವರ್ ಏಂಜಲ್ಸ್ ಸಂಸ್ಥೆ ನಡೆಸುವ ಕೆಂಪು–ನೀಲಿ ಕಾರ್ಯಾಗಾರದಲ್ಲಿ ಯಾರೂ ಯಾರ ಪಕ್ಷವನ್ನೂ ಬದಲಾಯಿಸಲು ಹೋಗುವುದಿಲ್ಲ. ಕೆಂಪು ಎಂದರೆ ಇಲ್ಲಿ ಕಮ್ಯುನಿಸ್ಟರಲ್ಲ, ರಿಪಬ್ಲಿಕನ್ನರ ಕಡೆಯವರು. ನೀಲಿ ಡೆಮಾಕ್ರಾಟರ ಕಡೆಯವರು. ಎದುರು ಪಕ್ಷದವರನ್ನು ವಾದದಲ್ಲಿ ಸೋಲಿಸಬೇಕೆಂದು ಹೊರಟವರಿಗೆ ಇದು ಹೇಳಿದ್ದಲ್ಲ.

ಟ್ರಂಪ್ ಮೊದಲ ಸಲ ಗೆದ್ದ ಮರುತಿಂಗಳು, 2016ರ ಡಿಸೆಂಬರ್‌ನಲ್ಲಿ, ಒಹಾಯೊದ ಸೌತ್ ಲೆಬನಾನ್‌ನಲ್ಲಿ ಅವರ ಬೆಂಬಲಿಗರು 10 ಜನ, ಹಿಲರಿ ಕ್ಲಿಂಟನ್ ಬೆಂಬಲಿಗರು 11 ಜನ ಕೂತು ಮಾತಾಡಿದ್ದೇ ಇದರ ಆರಂಭ. ರೂಪಿಸಿದ ಬಿಲ್ ಡೋಹರ್ಟಿ ಕಸುಬಿನಲ್ಲಿ ದಂಪತಿಗಳಿಗೆ, ಕುಟುಂಬಗಳಿಗೆ ಆಪ್ತಸಲಹೆ ಕೊಡುವವರು. ಆ ಕಸುಬು ಇಲ್ಲಿ ಎದ್ದು ಕಾಣುತ್ತದೆ: ಎದುರಿನವರ ತಪ್ಪು ಎಣಿಸಲು ಯಾರಿಗೂ ಸರದಿ ಸಿಗುವುದಿಲ್ಲ.

ಮೊದಲ ಕಸರತ್ತೇ ಇಡೀ ಕಾರ್ಯಕ್ರಮದ ಜೀವಾಳ. ಎರಡೂ ಗುಂಪು ಬೇರೆ ಬೇರೆ ಕೋಣೆಗೆ ಹೋಗಿ, ಎದುರಿನವರು ತಮ್ಮ ಬಗ್ಗೆ ಏನೇನು ಅಂದುಕೊಂಡಿದ್ದಾರೆಂದು ನಾಲ್ಕೈದು ಸಾಲು ಬರೆಯಬೇಕು. ಕೆಂಪು ಕೋಣೆಯಲ್ಲಿ ‘ಜನಾಂಗದ್ವೇಷಿಗಳು’, ನೀಲಿ ಕೋಣೆಯಲ್ಲಿ ‘ದೇಶಾಭಿಮಾನ ಇಲ್ಲದವರು’ ಎಂಬಂಥವು ಬರುತ್ತವೆ. ಪ್ರತಿಯೊಂದಕ್ಕೂ ಅದು ಯಾಕೆ ತಪ್ಪು, ನಿಜ ಏನು ಎಂದು ಬರೆದ ಮೇಲೆ ಬರುವುದು ಕಷ್ಟದ ಪ್ರಶ್ನೆ: ಆ ಆರೋಪದಲ್ಲಿ ಎಳ್ಳಷ್ಟಾದರೂ ಸತ್ಯ ಇದೆಯೇ? ಉತ್ತರವನ್ನು ಎದುರಿನವರ ಮುಂದೆಯೇ ಓದಬೇಕು. ತನ್ನ ಕಡೆಯ ಕುಂದನ್ನು ತಾನೇ ಹೇಳಿದವರನ್ನು ಶತ್ರುವೆಂದು ಕಾಣುವುದು ಸುಲಭವಲ್ಲ.

ಆಮೇಲೆ ಒಂದು ಗುಂಪು ಒಳವೃತ್ತದಲ್ಲಿ ಕೂತು, ತಮ್ಮ ನೀತಿಗಳಿಂದ ದೇಶಕ್ಕೇನು ಒಳಿತು, ತಮ್ಮವರ ಬಗ್ಗೆ ತಮಗಿರುವ ಅಳುಕೇನು ಎಂದು ಮಾತಾಡುತ್ತದೆ. ಹೊರವೃತ್ತದವರು ತುಟಿ ಬಿಚ್ಚುವಂತಿಲ್ಲ. ನಂತರ ಅದಲು ಬದಲು. ಪ್ರಶ್ನೆ ಕೇಳುವ ಹಂತದಲ್ಲಿ ನಡೆಸಿಕೊಡುವವರ ಕೈಚಳಕ ಬೇಕು. ‘ಅಂಥವನಿಗೆ ಹೇಗೆ ವೋಟು ಹಾಕಿದಿರಿ?’ ಎನ್ನುವುದು ಪ್ರಶ್ನೆಯ ವೇಷದ ಬೈಗುಳ. ‘ವೋಟು ಹಾಕುವಾಗ ನಿಮಗೆ ಯಾವುದು ಮುಖ್ಯವಾಗಿತ್ತು?’ ಎಂದು ತಿದ್ದಿಸದಿದ್ದರೆ ಅಲ್ಲಿಯವರೆಗಿನ ಶ್ರಮವೆಲ್ಲ ನೀರುಪಾಲು.

ಹೆಚ್ಚಾಗಿ ಕೆಡುವುದು ತಲೆಲೆಕ್ಕದಲ್ಲಿ. ನೀಲಿಯವರು ಬೇಗ ಹೆಸರು ಕೊಡುತ್ತಾರೆ. ಕರೆದು ಪಾಠ ಹೇಳುತ್ತಾರೇನೋ ಎಂದು ಕೆಂಪಿನವರು ಹಿಂಜರಿಯುತ್ತಾರೆ. ಏಳು ಜನರ ಎದುರು ಮೂರೇ ಜನ ಕೂತರೆ ಒಳವೃತ್ತ ಕಟಕಟೆಯಾಗುತ್ತದೆ. ಇನ್ನು, ದ್ವೇಷ ತಲೆಗೇರಿದವರು ಇತ್ತ ಸುಳಿಯುವುದೂ ಇಲ್ಲ.

ಇದಕ್ಕಿಂತ ದೊಡ್ಡ ಮಿತಿ ಕೋಣೆಯ ಆಚೆ ಇದೆ. ಚುನಾವಣೆಯಲ್ಲಿ ಸೋತವರು ಸುಮ್ಮನೆ ಮನೆಗೆ ಹೋಗುವುದು ಮುಂದಿನ ಸಲ ಗೆಲ್ಲಬಹುದೆಂಬ ನಂಬಿಕೆಯಿಂದ. ಎದುರಾಳಿ ದೇಶದ ಶತ್ರು ಎಂದಾದ ಮೇಲೆ ಸೋಲುವಂತೆಯೇ ಇಲ್ಲ, ಯಾವ ನಿಯಮ ಮುರಿದರೂ ನಡೆಯುತ್ತದೆ. 2021ರ ಜನವರಿ 6ರಂದು ಸೋತ ಅಧ್ಯಕ್ಷ ಟ್ರಂಪ್ ಬೆಂಬಲಿಗರು ಸಂಸತ್ ಭವನವಾದ ಕ್ಯಾಪಿಟಲ್‌ಗೆ ನುಗ್ಗಿ ಮತ ಎಣಿಕೆಯನ್ನು ಕೆಲವು ಗಂಟೆ ನಿಲ್ಲಿಸಿದ್ದು ಈ ತರ್ಕದಿಂದಲೇ. ಅಭ್ಯರ್ಥಿಯನ್ನು ಆರಿಸುವ ಪಕ್ಷದೊಳಗಿನ ಪ್ರೈಮರಿ ಚುನಾವಣೆಗೆ ಬರುವವರು ಕಡಿಮೆ, ಬರುವವರಲ್ಲಿ ಕಟ್ಟಾ ಬೆಂಬಲಿಗರೇ ಹೆಚ್ಚು. ಹಾಗಾಗಿ ಎದುರಾಳಿಯನ್ನು ರಾಕ್ಷಸನಾಗಿ ತೋರಿಸುವ ನಾಯಕನಿಗೆ ಲಾಭವಿದೆ. ಆ ಲಾಭವನ್ನು ಈ ಕಾರ್ಯಾಗಾರ ಮುಟ್ಟಲಾರದು.

ಅಕ್ಕಪಕ್ಕದ ಮನೆಯವರು, ಚರ್ಚಿನ ಗುಂಪು, ವೋಟಿನ ವಿಷಯಕ್ಕೆ ಎರಡು ಬಣವಾದ ಅಲ್ಲಿನ ಕನ್ನಡ ಸಂಘ: ಇಂಥವರಿಗೆ ಐದಕ್ಕೆ ನಾಲ್ಕು ಅಂಕದ ಸೇವೆ. ರಾಷ್ಟ್ರ ರಾಜಕಾರಣಕ್ಕೆ ಮದ್ದೆಂದರೆ ಎರಡು ಅಂಕವೂ ಹೆಚ್ಚು. ಹೆಸರು ಕೊಡುವ ಮುಂಚೆ ಎರಡೂ ಕಡೆ ಎಷ್ಟೆಷ್ಟು ಜನ ಖಚಿತವಾಗಿದ್ದಾರೆ ಎಂದು ಕೇಳಿ. ಯಾವುದಾದರೂ ಒಂದು ಕಡೆ ಐದಕ್ಕಿಂತ ಕಡಿಮೆ ಇದ್ದರೆ ಮುಂದಿನ ದಿನಾಂಕ ಹಿಡಿಯಿರಿ.